ಬಾಸೆಲಿನ ಷೇರು, ಜೆಪ್ಪುವಿನ ಹಂಚು

(ಕ್ರೈಸ್ತಧರ್ಮ ಮತ್ತು ಬಂಡವಾಳಶಾಹಿ ಕುರಿತ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸ ನಡೆಯುವ ಕ್ರಮ ತಮಗೆಲ್ಲ ಗೊತ್ತು. ಹಿರಿಯರೊಬ್ಬರ ಹೆಸರಿನಲ್ಲಿ ಒಂದಿಷ್ಟು ಹಣವನ್ನು ಬ್ಯಾಂಕಿನಲ್ಲಿ ಇಡುಗಂಟಾಗಿ ಇಡುತ್ತಾರೆ. ಅಸಲನ್ನು ಯಾರೂ ಮುಟ್ಟುವಂತಿಲ್ಲ. ವರ್ಷವರ್ಷ ಬರುವ ಬಡ್ಡಿಯಲ್ಲಿ ಭಾಷಣಕಾರನ ಪ್ರಯಾಣವೆಚ್ಚ, ಸಂಭಾವನೆ, ಒಂದು ಹಾರ, ತಮಗೆಲ್ಲ ಚಹಾ. ಅಂದರೆ ನಾನೀಗ ಮಾತಾಡುತ್ತಿರುವುದು ಬಡ್ಡಿಯ ದುಡ್ಡಿನಲ್ಲಿ. 1179ರಲ್ಲಿ ರೋಮಿನ ಲ್ಯಾಟರನ್ನಿನಲ್ಲಿ ಸೇರಿದ ಚರ್ಚಿನ ಮಹಾಸಭೆ, ಬಡ್ಡಿಯನ್ನೇ ಕಸುಬು ಮಾಡಿಕೊಂಡವರಿಗೆ ಪ್ರಭುಭೋಜನ ಕೊಡಬೇಡಿ, ಸತ್ತರೆ ಕ್ರೈಸ್ತ ಸಮಾಧಿಯಲ್ಲಿ ಜಾಗ ಕೊಡಬೇಡಿ ಎಂದು ವಿಧಿಸಿತ್ತು. ಆ ಕಾಲದಲ್ಲಿ ನಮ್ಮ ಈ ಏರ್ಪಾಡು ದಾನಿಗಳಿಗೂ ನನಗೂ ಸಾಕಷ್ಟು ತೊಂದರೆ ತರುತ್ತಿತ್ತು. ಇಂದಿನ ವಿಷಯಕ್ಕೆ ಇದಕ್ಕಿಂತ ತಕ್ಕ ವೇದಿಕೆ ಸಿಗಲಿಕ್ಕಿಲ್ಲ.

ಕ್ರೈಸ್ತಧರ್ಮಕ್ಕೂ ಬಂಡವಾಳಶಾಹಿಗೂ ಏನು ಸಂಬಂಧ ಎಂದು ಕೇಳಿದರೆ ನಮ್ಮಲ್ಲಿ ಎರಡು ಉತ್ತರಗಳು ತಯಾರಾಗಿರುತ್ತವೆ. ಓದಿಕೊಂಡವರು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರನ ಹೆಸರೆತ್ತಿ, ಪ್ರೊಟೆಸ್ಟಂಟರ ದುಡಿಮೆ, ಮಿತವ್ಯಯ, ಶಿಸ್ತುಗಳೇ ಬಂಡವಾಳವನ್ನು ಬೆಳೆಸಿದವು ಎನ್ನುತ್ತಾರೆ. ವೇದಿಕೆ ಸಿಕ್ಕಿದವರು, ಒಂದು ಕೈಯಲ್ಲಿ ಬೈಬಲ್ ಇನ್ನೊಂದು ಕೈಯಲ್ಲಿ ತಕ್ಕಡಿ ಹಿಡಿದು ಬಂದರು ಎನ್ನುತ್ತಾರೆ. ಎರಡರಲ್ಲೂ ಸತ್ಯ ಇದೆ, ಎರಡೂ ಸೋಮಾರಿ ಉತ್ತರಗಳೇ. ನಾನು ಹಿಡಿಯಬೇಕೆಂದಿರುವ ಎಳೆ ಚಿಕ್ಕದು. ಹಣ ಹಣವನ್ನು ದುಡಿಯಲಿ, ಆದರೆ ಇಷ್ಟಕ್ಕೆ ನಿಲ್ಲಲಿ ಎಂದು ಕ್ರೈಸ್ತ ಸಮಾಜಗಳು ಮತ್ತೆ ಮತ್ತೆ ಗೆರೆ ಎಳೆದಿವೆ. ಆ ಗೆರೆಯನ್ನು ಯಾರ ಮುಂದೆ ಎಳೆದರು, ಎಳೆಯುವಾಗ ಯಾರನ್ನು ಮರೆತರು? ಇಟಲಿ, ಸ್ವಿಟ್ಜರ್‌ಲೆಂಡ್‌ಗಳಿಗೆ ಬೇಗ ಹೋಗಿಬಂದು, ಹೆಚ್ಚಿನ ಹೊತ್ತು ಮಂಗಳೂರಿನ ಜೆಪ್ಪುವಿನಲ್ಲಿ ನಿಂತು ಇದನ್ನು ನೋಡೋಣ.

ಬಡ್ಡಿಯ ಮೇಲೆ ಚರ್ಚಿಗೆ ಇದ್ದ ಆಕ್ಷೇಪ ಸರಳವಾಗಿತ್ತು. ದುಡ್ಡು ಮರಿ ಹಾಕುವ ಪ್ರಾಣಿಯಲ್ಲ. ಬಡ್ಡಿ ತಿನ್ನುವವನು ಮಾರುವುದು ಕಾಲವನ್ನು, ಕಾಲವಾದರೋ ದೇವರದು. 325ರ ನೈಸಿಯಾ ಸಭೆಯಲ್ಲಿ ಪಾದ್ರಿಗಳಿಗೆ ಮಾತ್ರ ಇದ್ದ ನಿಷೇಧ ಕ್ರಮೇಣ ಎಲ್ಲ ಕ್ರೈಸ್ತರಿಗೂ ಹಬ್ಬಿತು. ಆದರೆ ಅದೇ ಹೊತ್ತಿಗೆ ಇಟಲಿಯ ಊರುಗಳು ಉಣ್ಣೆ, ರೇಷ್ಮೆ, ಸಂಬಾರಗಳ ವ್ಯಾಪಾರದಲ್ಲಿ ಬೆಳೆಯುತ್ತಿದ್ದವು. ಸಾಲ ಇಲ್ಲದೆ ವ್ಯಾಪಾರ ಇಲ್ಲ.

ಪಡುವಾ ಊರಿನಲ್ಲಿ ಒಂದು ಪುಟ್ಟ ದೇಗುಲ ಇದೆ. ಜ್ಯಾಟ್ಟೋ ಎಂಬ ಚಿತ್ರಕಾರ 1305ರ ಸುಮಾರಿಗೆ ಅದರ ಒಳಗೋಡೆಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಕಟ್ಟಿಸಿದವನು ಎನ್ರಿಕೋ ಸ್ಕ್ರೊವೆನ್ಯಿ. ಇವನ ತಂದೆ ರೆಜಿನಾಲ್ಡೊ ಹೆಸರಾಂತ ಬಡ್ಡಿ ಸಾಹುಕಾರ. ಎಂಥ ಹೆಸರೆಂದರೆ, ಕವಿ ಡಾಂಟೆ ತನ್ನ ಕಾವ್ಯದ ನರಕದಲ್ಲಿ ಸುಡುವ ಮರಳಿನ ಮೇಲೆ ಕೂತ ಬಡ್ಡಿಕೋರರನ್ನು ತೋರಿಸುವಾಗ ಒಬ್ಬನ ಕತ್ತಿನ ಹಣದ ಚೀಲದ ಮೇಲೆ ಈ ಮನೆತನದ ಲಾಂಛನವಾದ ನೀಲಿ ಹಂದಿಯನ್ನು ಬರೆದುಬಿಟ್ಟ. ತಂದೆಯ ಪಾಪ ತೊಳೆಯಲು ಮಗ ದೇಗುಲ ಕಟ್ಟಿಸಿದ ಎಂಬುದು ಬಹುಕಾಲದಿಂದ ಬಂದ ಮಾತು. ಒಳಗಿನ ಅಂತಿಮ ತೀರ್ಪಿನ ಚಿತ್ರದಲ್ಲಿ ಒಂದು ಕಡೆ ತಮ್ಮದೇ ಹಣದ ಚೀಲದ ದಾರಕ್ಕೆ ನೇಣು ಬಿದ್ದ ಬಡ್ಡಿಕೋರರು ನೇತಾಡುತ್ತಾರೆ. ಇನ್ನೊಂದು ಕಡೆ, ಮೋಕ್ಷದ ಪಾಲಿನವರ ನಡುವೆ, ಎನ್ರಿಕೋ ಮೊಣಕಾಲೂರಿ ದೇಗುಲದ ಮಾದರಿಯೊಂದನ್ನು ಒಪ್ಪಿಸುತ್ತಿದ್ದಾನೆ. ನಮ್ಮ ದೇವಸ್ಥಾನಗಳ ಕಂಬಗಳ ಮೇಲೆ ಕೈಮುಗಿದು ನಿಂತ ದಾನಿಗಳನ್ನು ಕಂಡವರಿಗೆ ಇದು ಹೊಸ ನೋಟವಲ್ಲ. ಒಂದೇ ಗೋಡೆಯ ಮೇಲೆ ನಿಷೇಧವೂ ಇದೆ, ಅದರಿಂದ ಪಾರಾಗುವ ದಾರಿಯೂ ಇದೆ.

ದಾರಿಗಳು ಆಮೇಲೆ ಹೆಚ್ಚಿದವು. 1397ರಲ್ಲಿ ಶುರುವಾದ ಮೆಡಿಚಿ ಬ್ಯಾಂಕು ಬಡ್ಡಿ ಎಂಬ ಮಾತೇ ಎತ್ತದೆ, ಒಂದೂರಿನಲ್ಲಿ ಒಂದು ನಾಣ್ಯದಲ್ಲಿ ಹಣ ಕೊಟ್ಟು ಇನ್ನೊಂದೂರಿನಲ್ಲಿ ಇನ್ನೊಂದು ನಾಣ್ಯದಲ್ಲಿ ವಸೂಲು ಮಾಡುವ ಹುಂಡಿ ವ್ಯವಹಾರದಲ್ಲಿ ಲಾಭವನ್ನು ಅಡಗಿಸಿತು. ಎನ್ರಿಕೋನಂತೆಯೇ ಆ ಬ್ಯಾಂಕಿನ ಒಡೆಯ ಕೊಸಿಮೊ ಮೆಡಿಚಿಯೂ ಫ್ಲಾರೆನ್ಸಿನ ಸಾನ್ ಮಾರ್ಕೊ ಮಠವನ್ನು ಜೀರ್ಣೋದ್ಧಾರ ಮಾಡಿಸಿದ. ಇಂದಿಗೂ ನಮ್ಮ ಬಿ.ಕಾಂ. ಹುಡುಗರು ಕಲಿಯುವ ದ್ವಿನಮೂದು ಲೆಕ್ಕಪದ್ಧತಿಯನ್ನು 1494ರಲ್ಲಿ ಮೊದಲು ಅಚ್ಚಿನಲ್ಲಿ ವಿವರಿಸಿದ ಲೂಕಾ ಪಾಚೊಲಿ ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿ, ಬಡತನವನ್ನೇ ವ್ರತವಾಗಿ ಹಿಡಿದ ಪಂಥದವನು. ಅದೇ ಪಂಥದವರು ಬಡವರನ್ನು ಸಾಹುಕಾರರಿಂದ ಬಿಡಿಸಲು ಅಡವು ಸಾಲದ ಧರ್ಮನಿಧಿಗಳನ್ನು ತೆರೆದರು. ನಿಧಿ ನಡೆಸುವ ಖರ್ಚಿಗಾಗಿ ಅಲ್ಪ ಬಡ್ಡಿ ತೆಗೆದುಕೊಳ್ಳಬಹುದು ಎಂದು 1515ರಲ್ಲಿ ಚರ್ಚು ಒಪ್ಪಿತು. 1545ರಲ್ಲಿ ಜಿನೀವಾದ ಪ್ರೊಟೆಸ್ಟಂಟ್ ಸುಧಾರಕ ಜಾನ್ ಕಾಲ್ವಿನ್ ಒಂದು ಕಾಗದದಲ್ಲಿ, ಬಡವನಿಂದ ಬಡ್ಡಿ ಬೇಡ, ವ್ಯಾಪಾರಿ ವ್ಯಾಪಾರಿಗೆ ಕೊಟ್ಟ ಹಣಕ್ಕೆ ಮಿತವಾದ ಬಡ್ಡಿ ಪಾಪವಲ್ಲ ಎಂಬ ಅರ್ಥ ಬರುವಂತೆ ಬರೆದ. ಅದೇ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟು ಶೇ. 10ರವರೆಗೆ ಬಡ್ಡಿಗೆ ಅನುಮತಿ ಕೊಟ್ಟಿತು. 1552ರಲ್ಲಿ ಹಿಂತೆಗೆದುಕೊಂಡಿತು, 1571ರಲ್ಲಿ ಮತ್ತೆ ಕೊಟ್ಟಿತು.

ಇಲ್ಲಿ ಗಮನಿಸಬೇಕಾದ್ದು, ನಾಲ್ಕು ಶತಮಾನ ನಡೆದ ಈ ವಾದವೆಲ್ಲ ಮುಖ್ಯವಾಗಿ ಹಣ ಕೊಡುವವನ ಆತ್ಮದ ಬಗ್ಗೆ. ಅವನು ಎಷ್ಟು ತೆಗೆದುಕೊಂಡರೆ ನರಕ, ಎಷ್ಟಕ್ಕೆ ನಿಲ್ಲಿಸಿದರೆ ಮೋಕ್ಷ? ಅವನ ಹಣ ಹೂಡಿದ ಉಣ್ಣೆಯ ಕಾರ್ಯಾಗಾರದಲ್ಲಿ ನೂಲು ತೆಗೆಯುವ ಹೆಂಗಸಿಗೆ ಏನು ಸಿಕ್ಕಬೇಕು ಎಂಬುದರ ಮೇಲೆ ಅಷ್ಟೇ ಕಾವಿನ ಮಹಾಸಭೆಗಳು ಸೇರಿದ್ದಿಲ್ಲ. ಧರ್ಮಶಾಸ್ತ್ರಿಗಳು ನ್ಯಾಯಬೆಲೆ, ನ್ಯಾಯಕೂಲಿಗಳ ಬಗ್ಗೆ ಬರೆದದ್ದುಂಟು. ಆದರೆ ಸಮಾಧಿಯ ಜಾಗ ನಿರಾಕರಿಸುವಷ್ಟು ಗಟ್ಟಿಯಾದ ದನಿ ಅದಕ್ಕೆ ಬರಲಿಲ್ಲ.

ವೆಬರನನ್ನು ಹೀಗೇ ದಾಟಿಹೋಗುವಂತಿಲ್ಲ. 1904–05ರಲ್ಲಿ ಪ್ರಕಟವಾದ ಅವನ ಪ್ರಬಂಧದ ವಾದವನ್ನು ಇಲ್ಲಿ ಪೂರ್ತಿ ಬಿಡಿಸುವುದಿಲ್ಲ, ಹಲವು ಕಾಲೇಜುಗಳಲ್ಲಿ ಅದು ಪಾಠ. ಕಾಲ್ವಿನ್ ಪಂಥದವರು ತಾವು ದೇವರು ಆರಿಸಿಕೊಂಡವರೋ ಅಲ್ಲವೋ ಎಂಬ ಆತಂಕದಲ್ಲಿ ಕಸುಬನ್ನೇ ಕರೆಯೆಂದು ತಿಳಿದು ದುಡಿದರು, ಸುಖಕ್ಕೆ ಖರ್ಚು ಮಾಡದೆ ಕೂಡಿಟ್ಟರು, ಕೂಡಿಟ್ಟದ್ದು ಬಂಡವಾಳವಾಯಿತು ಎಂಬುದು ಸಾರ. ನಮ್ಮಲ್ಲಿ ಇದನ್ನು ಓದಿದ ಕೂಡಲೇ ಶರಣರ ಕಾಯಕದ ಜೊತೆ ಜೋಡಿಸುವ ಚಟ ಇದೆ. ಎರಡೂ ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದವು, ನಿಜ. ಆದರೆ ಕಾಯಕದಲ್ಲಿ ಮಿಕ್ಕದ್ದು ದಾಸೋಹಕ್ಕೆ ಹೋಗಬೇಕು, ನಾಳೆಗೆಂದು ಕೂಡಿಡುವುದೇ ಅಲ್ಲಿ ದೋಷ. ವೆಬರನ ಕಥೆಯ ಕೀಲಿಯೇ ಕೂಡಿಡುವುದು. ಜೋಡಿಸುವವರು ಇಷ್ಟನ್ನಾದರೂ ನೆನಪಿಟ್ಟುಕೊಂಡರೆ ಒಳ್ಳೆಯದು.

ವೆಬರನ ಪುಸ್ತಕದಲ್ಲಿ ನಮ್ಮ ವಿಮರ್ಶಕರು ಅಷ್ಟಾಗಿ ಮುಟ್ಟದ ಒಂದು ಭಾಗ ಇದೆ. ಜರ್ಮನಿಯ ಪಯಟಿಸ್ಟರ ಬಗ್ಗೆ ಬರೆದದ್ದು. ಲೂಥರನ ಚರ್ಚಿನೊಳಗೇ ಹುಟ್ಟಿದ ಭಕ್ತಿಪಂಥ ಇದು: ಮನೆಮನೆಯ ಪ್ರಾರ್ಥನಾಕೂಟ, ಬೈಬಲ್ ಓದು, ಪಶ್ಚಾತ್ತಾಪದ ಕಣ್ಣೀರು. ಈ ಪಂಥ ದೊಡ್ಡ ಉದ್ಯಮಿಗಳಿಗಿಂತ ಹೆಚ್ಚಾಗಿ ನಂಬಿಗಸ್ತ ಗುಮಾಸ್ತ, ವಿಧೇಯ ಕೆಲಸಗಾರ, ಮನೆಯಲ್ಲಿ ಮಗ್ಗ ನಡೆಸುವವ, ಜೊತೆಗೆ ಆಳುಗಳನ್ನು ತಂದೆಯಂತೆ ನೋಡಿಕೊಳ್ಳುವ ಧಣಿ, ಇಂಥವರ ಗುಣಗಳನ್ನು ಬೆಳೆಸಿತು ಎನ್ನುತ್ತಾನೆ ವೆಬರ್. ಅವನು ಮಂಗಳೂರನ್ನು ಮನಸ್ಸಿನಲ್ಲಿಟ್ಟು ಬರೆದದ್ದಲ್ಲ. ಆದರೂ ಮಂಗಳೂರಿನ ಮಟ್ಟಿಗೆ ಇದಕ್ಕಿಂತ ನಿಖರವಾದ ಮಾತನ್ನು ಯಾರೂ ಬರೆದಿಲ್ಲ.

ಬಾಸೆಲ್ ನಗರ ಸ್ವಿಟ್ಜರ್‌ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಕೂಡುವಲ್ಲಿ ರೈನ್ ನದಿಯ ದಡದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ರೇಷ್ಮೆ ರಿಬ್ಬನ್ನಿನ ಊರು. ಕೆಲವೇ ಹಳೆಯ ಮನೆತನಗಳ ಕೈಯಲ್ಲಿ ಆ ವ್ಯಾಪಾರ. 1815ರಲ್ಲಿ ಅಲ್ಲಿ ಮಿಶನ್ ಸಂಸ್ಥೆ ಹುಟ್ಟಿದಾಗ ಅದರ ಸಮಿತಿಯಲ್ಲಿ ಕೂತವರು ಹೆಚ್ಚಾಗಿ ಈ ಮನೆತನಗಳವರು, ಅವರ ಬಂಧುಗಳು. ಊರು ಬಿಟ್ಟು ಕಡಲು ದಾಟಿ ಹೋದವರು ಮಾತ್ರ ಹೆಚ್ಚಿನಂಶ ಹತ್ತಿರದ ವ್ಯುರ್ಟೆಂಬರ್ಗಿನ ಹಳ್ಳಿಗಳ ರೈತರ, ನೇಕಾರರ, ಬಡಗಿಗಳ ಮಕ್ಕಳು. ಮಿಶನ್ನಿಗೆ ಹಣ ಬಂದದ್ದೂ ಎರಡು ಕಡೆಯಿಂದ. ಸಾಹುಕಾರರ ದೊಡ್ಡ ದೇಣಿಗೆ ಒಂದು. 1855ರಿಂದ ವಾರಕ್ಕೊಮ್ಮೆ ಅರ್ಧ ಬಾಟ್ಸೆನ್ ಎಂಬ ಚಿಲ್ಲರೆ ನಾಣ್ಯವನ್ನು ಮನೆಗೆಲಸದವರಿಂದ, ಕೂಲಿಗಳಿಂದ ಎತ್ತಿದ ವಂತಿಗೆ ಇನ್ನೊಂದು. ಆ ವಂತಿಗೆಯ ಹಿಂದೆ ನಿಂತವನು ಕಾರ್ಲ್ ಸರಾಸಿನ್ ಎಂಬ ರಿಬ್ಬನ್ ಕಾರ್ಖಾನೆಯ ಮಾಲೀಕ. ಕಾರ್ಮಿಕರ ವಸತಿ, ಆರೋಗ್ಯಗಳ ಬಗ್ಗೆ ನಿಜವಾದ ಕಾಳಜಿ ಇದ್ದವನು ಎಂದು ಅವನಿಗೆ ಹೆಸರಿದೆ. ವೆಬರ್ ಹೇಳಿದ ತಂದೆಯಂಥ ಧಣಿ ಎಂದರೆ ಇವನೇ.

ಬಾಸೆಲಿನವರು ಮಂಗಳೂರಿಗೆ ಬಂದದ್ದು 1834ರ ಅಕ್ಟೋಬರಿನಲ್ಲಿ: ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್. ಅದೇ ವರ್ಷದ ಆಗಸ್ಟ್ 1ರಂದು ಬಹುಪಾಲು ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಯಿತು. ಕೆರಿಬಿಯನ್ನಿನ ಬಾರ್ಬಡೋಸ್ ದ್ವೀಪದಲ್ಲಿ ಕಾಡ್ರಿಂಗ್ಟನ್ ಎಂಬ ಕಬ್ಬಿನ ಎಸ್ಟೇಟು ಇತ್ತು. ಅದರ ಮಾಲೀಕ 1710ರಲ್ಲಿ ಸತ್ತಾಗ, ಎಸ್ಟೇಟನ್ನು ಅಲ್ಲಿನ ನೂರಾರು ಗುಲಾಮರ ಸಮೇತ ಇಂಗ್ಲೆಂಡಿನ ಆಂಗ್ಲಿಕನ್ ಧರ್ಮಪ್ರಸಾರ ಸೊಸೈಟಿಗೆ ಬರೆದುಕೊಟ್ಟಿದ್ದ. ಸೊಸೈಟಿಯ ಗುಲಾಮರ ಎದೆಯ ಮೇಲೆ ‘ಸೊಸೈಟಿ’ ಎಂಬ ಪದವನ್ನೇ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುತ್ತಿದ್ದ ಕಾಲ ಇತ್ತು. ರದ್ದತಿಯ ಹೊತ್ತಿಗೆ ಸರ್ಕಾರ ಪರಿಹಾರ ಕೊಟ್ಟದ್ದು ಗುಲಾಮರಿಗಲ್ಲ, ಒಡೆಯರಿಗೆ. ಸೊಸೈಟಿಗೆ ಸಿಕ್ಕಿದ್ದು 8,800 ಪೌಂಡಿಗೂ ಹೆಚ್ಚು. ಆಂಗ್ಲಿಕನ್ ಚರ್ಚು ಇದಕ್ಕೆಲ್ಲ ಕ್ಷಮೆ ಕೇಳಿದ್ದು 2006ರಲ್ಲಿ. ಬಾಸೆಲಿನವರನ್ನು ಅಳೆಯುವಾಗ ಈ ಹೋಲಿಕೆ ಕಣ್ಣ ಮುಂದೆ ಇರಲಿ. ಇವರು ಎಸ್ಟೇಟಿನ ಒಡೆಯರಾಗಿ ಬಂದವರಲ್ಲ. ಇವರಿಗೆ ವ್ಯಾಪಾರ ಬೇಕಾಗಿಯೂ ಇರಲಿಲ್ಲ.

ಆಮೇಲೆ ಬೇಕಾದದ್ದು ಯಾಕೆ? ತುಳುನಾಡಿನಲ್ಲಿ ಮೊದಲ ಕಾಲದಲ್ಲಿ ಮಿಶನ್ ಸೇರಿದವರಲ್ಲಿ ಬಿಲ್ಲವರು ಬಹಳ. ಮೂರ್ತೆ, ಅಂದರೆ ಕಳ್ಳು ಇಳಿಸುವುದು, ಅವರಲ್ಲಿ ಅನೇಕರ ಕುಲಕಸುಬು. ಪಯಟಿಸ್ಟರಿಗೆ ಕಳ್ಳು, ಸಾರಾಯಿ ಎರಡೂ ವರ್ಜ್ಯ. ಸ್ನಾನದೀಕ್ಷೆ ತೆಗೆದುಕೊಂಡವನು ಮರ ಹತ್ತುವಂತಿಲ್ಲ. ಹತ್ತದಿದ್ದರೆ ಅನ್ನ ಇಲ್ಲ. ಜಾತಿಯವರು ಸೇರಿಸುವುದಿಲ್ಲ, ಧಣಿ ಒಕ್ಕಲು ಬಿಡಿಸುತ್ತಾನೆ, ಮನೆಯವರು ಪಾಲು ಕೊಡಲು ತಕರಾರು ತೆಗೆಯುತ್ತಾರೆ. ಹೆಬಿಕ್ ಸಾಹೇಬರ ಅಂಗಳಕ್ಕೆ ಬಂದು ನಿಂತವನಿಗೆ ಆತ್ಮದ ಪ್ರಶ್ನೆ ಬಗೆಹರಿದಿತ್ತು, ರಾತ್ರಿಯ ಗಂಜಿಯ ಪ್ರಶ್ನೆ ಬಗೆಹರಿದಿರಲಿಲ್ಲ.

ಮಿಶನ್ನಿನವರು ಕಂಡಕಂಡದ್ದನ್ನು ಮಾಡಿ ನೋಡಿದರು. ಬೇಸಾಯದ ವಸಾಹತು ಮಾಡಿದರು, ಗದಗದ ಬಳಿಯ ಮಲಸಮುದ್ರದಲ್ಲೂ ಅಂಥದೊಂದು ಪ್ರಯತ್ನ ನಡೆಯಿತು. ಕಾಫಿ, ಬಡಗಿ ಕೆಲಸ, ಗಡಿಯಾರ ರಿಪೇರಿಯವರೆಗೆ ಹೋದರು. ಹೆಚ್ಚಿನವು ಕೈಕೊಟ್ಟವು. 1841ರಲ್ಲಿ ಮಂಗಳೂರಿನಲ್ಲಿ ಶುರುವಾದ ಅಚ್ಚುಕೂಟ ಮಾತ್ರ ನಿಂತಿತು. ಹರ್ಮನ್ ಮೊಗ್ಲಿಂಗರ ‘ಮಂಗಳೂರ ಸಮಾಚಾರ’ ಪತ್ರಿಕೆ 1843ರಲ್ಲಿ ಹೊರಟದ್ದೂ, 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಬೆಳಕು ಕಂಡದ್ದೂ ಈ ಅಚ್ಚುಕೂಟದ ಪರಂಪರೆಯಲ್ಲೇ. ಆ ನಿಘಂಟಿನ ಋಣ ನಮ್ಮೆಲ್ಲರ ಮೇಲೂ ಇದೆ. ಅದನ್ನು ಅಚ್ಚು ಹಾಕಿದ ಸಂಸ್ಥೆ ಹಂಚು ಸುಟ್ಟು, ಬಟ್ಟೆ ನೇಯ್ದು ನಿಂತ ಲೋಕದ್ದೇ ಎಂಬುದನ್ನು ನಾವು ಸಾಹಿತ್ಯ ಚರಿತ್ರೆ ಬರೆಯುವಾಗ ಬಿಟ್ಟುಬಿಡುತ್ತೇವೆ.

1851–52ರಲ್ಲಿ ಮಿಶನ್ನಿನ ಮುಖ್ಯಾಧಿಕಾರಿ ಯೋಸೆಫ್ ಯೋಸೆನ್‌ಹಾನ್ಸ್ ತಾವೇ ಬಂದು ಎಲ್ಲ ಕೇಂದ್ರಗಳನ್ನು ನೋಡಿಹೋದರು. ಆಮೇಲೆ ಕೈಗಾರಿಕೆಯನ್ನು ಪಾದ್ರಿಗಳ ಹವ್ಯಾಸಕ್ಕೆ ಬಿಡದೆ ಕಸುಬು ಬಲ್ಲವರನ್ನು ಕಳಿಸುವ ಕ್ರಮ ಬಂತು. ಅದೇ ಸುಮಾರಿಗೆ ಜಾನ್ ಹಾಲರ್ ಎಂಬ ನೇಕಾರ ಬಂದು ಮಂಗಳೂರಿನ ಬಲ್ಮಠದಲ್ಲಿ ಮಗ್ಗಗಳನ್ನು ಹೂಡಿದ. ಖಾಕಿ ಬಣ್ಣ ಹುಟ್ಟಿದ್ದು ಅಲ್ಲೇ ಎಂದು ಮಂಗಳೂರಿನವರು ಅಭಿಮಾನದಿಂದ ಹೇಳುತ್ತಾರೆ. 1840ರ ದಶಕದಲ್ಲೇ ಪಂಜಾಬ್ ಗಡಿಯ ಸೈನಿಕರು ಆ ಬಣ್ಣದ ಉಡುಪು ತೊಟ್ಟಿದ್ದರಿಂದ ಅಭಿಮಾನವನ್ನು ತುಸು ತಗ್ಗಿಸಬೇಕು. ಹೊಸ ಬಣ್ಣ ಹಾಕುವ ವಿಧಾನ ಹಾಲರನದೆಂದರೆ ಸಾಕು. ಅಲ್ಲಿನ ಬಟ್ಟೆ ಪೊಲೀಸರಿಗೂ ಸೈನ್ಯಕ್ಕೂ ಹೋಯಿತು ಎಂಬ ಮಾತೂ ಇದೆ. ಹೋಗಿದ್ದರೆ ನನಗೆ ಅದರಲ್ಲಿ ಆಶ್ಚರ್ಯ ಏನಿಲ್ಲ. ಕಳ್ಳಿನ ಮಡಕೆಗೆ ಗೆರೆ ಹಾಕಿದವರಿಗೆ ಸಾಮ್ರಾಜ್ಯದ ಸಮವಸ್ತ್ರಕ್ಕೂ ಒಂದು ಗೆರೆ ಬೇಕು ಎಂದು ತೋರಿದಂತಿಲ್ಲ.

ಇನ್ನು ಹಂಚು. ಹಳೆಯ ಮನೆ ಕೆಡವುವಲ್ಲಿ ಒಂದು ಹಂಚನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಬೆನ್ನಲ್ಲಿ ಕಾರ್ಖಾನೆಯ ಹೆಸರು, ಊರು, ಮಿಶನ್ನಿನ ಹಂಚಾದರೆ 1865 ಎಂಬ ಇಸವಿ ಉಬ್ಬಕ್ಷರದಲ್ಲಿ ಇರುತ್ತದೆ. ರೀಪಿಗೆ ಕಚ್ಚಿಕೊಳ್ಳಲು ಎರಡು ಮೂಗು, ಪಕ್ಕದ ಹಂಚಿಗೆ ಸೇರಿಕೊಳ್ಳಲು ಅಂಚಿನಲ್ಲಿ ಕಾಲುವೆ, ಮಳೆನೀರು ಇಳಿಯಲು ನಡುವೆ ತಗ್ಗು. ಹೀಗೆ ಒಂದಕ್ಕೊಂದು ಕಚ್ಚುವ ಹಂಚನ್ನು 1841ರಲ್ಲಿ ಫ್ರಾನ್ಸಿನ ಅಲ್ಸಾಸ್ ಸೀಮೆಯ ಜಿಲಾರ್ಡೋನಿ ಸೋದರರು ರೂಪಿಸಿದ್ದರು. ಆ ಸೀಮೆ ಬಾಸೆಲಿಗೆ ಹತ್ತಿರ. 1865ರಲ್ಲಿ ಗೇಯೋರ್ಗ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ನೇತ್ರಾವತಿಯ ಆವೆಮಣ್ಣಿನಿಂದ ಅದನ್ನು ಮಾಡತೊಡಗಿದರು. ಮೊದಲು ಎತ್ತುಗಳಿಂದ ಮಣ್ಣು ಅರೆಯಿಸಿದರು, ಆಮೇಲೆ ಉಗಿಯಂತ್ರ ಬಂತು. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಹಂಚು ದೋಣಿಯಲ್ಲಿ ಬಂದರಿಗೆ ಹೋಗುತ್ತಿತ್ತು. ಮುಳಿಹುಲ್ಲು, ಮಡಲು ಹೊದೆಸಿದ ಮಾಡುಗಳು ಕರಾವಳಿಯಲ್ಲಿ ಕಡಿಮೆಯಾದವು. ಜೆಪ್ಪು, ಕುದ್ರೋಳಿ, ಮಲ್ಪೆ, ಮುಂದೆ ಕಲ್ಲಿಕೋಟೆ, ಪಾಲಕ್ಕಾಡ್, ಫರೋಕ್‌ವರೆಗೆ ಮಿಶನ್ನಿನ ಕಾರ್ಖಾನೆಗಳು ಎದ್ದವು. ಮೊದಲ ಮಹಾಯುದ್ಧದ ಹೊತ್ತಿಗೆ ಮಿಶನ್ ಕೈಗಾರಿಕೆಗಳಲ್ಲಿ ದುಡಿಯುವವರು ಮೂರು ಸಾವಿರ ದಾಟಿದ್ದರು. ಅಲ್ಲಿ ಕೆಲಸ ಕಲಿತವರನ್ನೂ ಅಲ್ಲಿನ ಕ್ರಮವನ್ನೂ ನೋಡಿ ಮಂಗಳೂರಿನ ಕಥೋಲಿಕರು, ಇತರ ವ್ಯಾಪಾರಿಗಳು ತಮ್ಮ ಕಾರ್ಖಾನೆಗಳನ್ನು ಕಟ್ಟಿದರು. ಮಂಗಳೂರು ಹಂಚು ಸಿಲೋನಿಗೆ, ಬರ್ಮಾಕ್ಕೆ, ಪೂರ್ವ ಆಫ್ರಿಕಕ್ಕೆ ಹೋಯಿತು.

ಇಷ್ಟನ್ನೆಲ್ಲ ನಡೆಸಲು ಬಂಡವಾಳ ಬೇಕು. ಭಕ್ತರ ಕಾಣಿಕೆಯನ್ನು ವ್ಯಾಪಾರದಲ್ಲಿ ತೊಡಗಿಸಿ ನಷ್ಟವಾದರೆ? ಈ ಅಂಜಿಕೆಯಿಂದ 1859ರಲ್ಲಿ ಬಾಸೆಲಿನಲ್ಲಿ ಒಂದು ಪ್ರತ್ಯೇಕ ಮಿಶನ್ ವ್ಯಾಪಾರ ಕಂಪನಿ ಹುಟ್ಟಿತು. ಷೇರು ಕಂಪನಿ. ಷೇರು ಕೊಂಡವರು ಮಿಶನ್ನಿನ ಹಿತೈಷಿಗಳೇ. ಲಾಭಾಂಶಕ್ಕೆ ಮಿತಿ ಇತ್ತು, ಮಿತಿಯ ಮೇಲಿನದು ಧರ್ಮಪ್ರಸಾರಕ್ಕೆ ಹೋಗಬೇಕು. ಮದ್ಯ ಮಾರಬಾರದು. ಭಾನುವಾರ ಕೆಲಸ ಇಲ್ಲ. ಕೆಲಸ ಶುರುವಾಗುವ ಮುನ್ನ ಪ್ರಾರ್ಥನೆ. ಆ ಕಾಲದ ಯಾವ ಬ್ರಿಟಿಷ್ ಕಂಪನಿಯ ಪಕ್ಕದಲ್ಲಿಟ್ಟು ನೋಡಿದರೂ ಇದು ಮರ್ಯಾದೆಯ ವ್ಯವಸ್ಥೆ. ನಾನು ಇದನ್ನು ಲೇವಡಿ ಮಾಡಲಾರೆ. ಕಾಯಿಲೆಗೆ, ಮುಪ್ಪಿಗೆ ನಿಧಿಗಳಿದ್ದವು. ಉಳಿತಾಯ ಕಲಿಸಿದರು. ಓದು ಬರಹ ಬಂತು. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಅಚ್ಚಿನ ಮುಂದೆ ನಿಂತು ದುಡಿದರು. ಮರ ಹತ್ತುತ್ತಿದ್ದವನ ಮಗ ಮೇಸ್ತ್ರಿಯಾದ, ಮೊಮ್ಮಗ ಗುಮಾಸ್ತನೋ ಉಪಾಧ್ಯಾಯನೋ ಆದ.

ಆದರೆ ಷೇರುದಾರನ ಲಾಭಕ್ಕೆ ಮೇಲ್ಮಿತಿ ಹಾಕಿದವರು ಕೆಲಸಗಾರನ ಕೂಲಿಗೆ ಕೆಳಮಿತಿ ಹಾಕಲಿಲ್ಲ. ಕೂಲಿ ಪೇಟೆಯ ದರದಂತೆ. ಹಂಚು ಹೊರುವ ಹೆಂಗಸಿಗೆ ಗಂಡಸಿಗಿಂತ ಕಡಿಮೆ, ಅದೂ ಪೇಟೆಯ ರೂಢಿಯಂತೆಯೇ. ಬಾಸೆಲಿನ ಹೂಡಿಕೆದಾರ ಅತಿಯಾಸೆಯ ಪಾಪದಿಂದ ಪಾರಾಗಲು ಏನು ಬೇಕೋ ಅದನ್ನು ನಿಯಮಾವಳಿಯಲ್ಲಿ ಬರೆದಿದ್ದರು. ಜೆಪ್ಪುವಿನ ಕೆಲಸಗಾರ್ತಿ ಸಾಲದಿಂದ ಪಾರಾಗಲು ಏನು ಬೇಕು ಎಂಬುದಕ್ಕೆ ಅಲ್ಲಿ ಕಲಮು ಇರಲಿಲ್ಲ. ಲಾಭಾಂಶದ ಮೇಲೆ ಮಿಕ್ಕ ಹಣ ಯಾರ ಬೆವರಿನಿಂದ ಬಂದಿತೋ ಅವರನ್ನು ಕೇಳದೆಯೇ ಅದನ್ನು ಧರ್ಮಕಾರ್ಯಕ್ಕೆ ಒಪ್ಪಿಸಿದರು. ಪಡುವಾದ ಗೋಡೆಯ ಮೇಲೆ ಮೊಣಕಾಲೂರಿದ ಎನ್ರಿಕೋನ ದಾನಕ್ಕೂ ಇದಕ್ಕೂ ಐದೂವರೆ ಶತಮಾನದ ಅಂತರ, ಲೆಕ್ಕದ ರೀತಿ ಒಂದೇ.

ಇನ್ನೊಂದು ತೊಡಕು ಮಿಶನ್ನಿನವರನ್ನೇ ಕಾಡಿತು. ಕ್ರೈಸ್ತರಿಗೇ ಕೆಲಸ ಕೊಟ್ಟರೆ ಕೆಲಸಕ್ಕಾಗಿ ಕ್ರೈಸ್ತರಾಗುತ್ತಾರೆ, ಅನ್ಯರಿಗೆ ಕೊಟ್ಟರೆ ಕ್ರೈಸ್ತರು ಉಪವಾಸ ಬೀಳುತ್ತಾರೆ. ಸಭೆಯ ಶಿಸ್ತು, ಕಾರ್ಖಾನೆಯ ಶಿಸ್ತು ಎರಡೂ ಒಂದೇ ಕಂಪೌಂಡಿನೊಳಗೆ. ಕುಡಿದು ಸಿಕ್ಕಿಬಿದ್ದವನು ಪಾದ್ರಿಗೂ ಉತ್ತರ ಕೊಡಬೇಕು, ಮ್ಯಾನೇಜರಿಗೂ ಉತ್ತರ ಕೊಡಬೇಕು, ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡುವವರು. ತಂದೆಯಂಥ ಧಣಿಯ ಹತ್ತಿರ ಬೇಡಿಕೊಳ್ಳಬಹುದು, ಚೌಕಾಸಿ ಮಾಡುವಂತಿಲ್ಲ. ಇದು ಕ್ರೌರ್ಯವಲ್ಲ. ಒಳ್ಳೆಯತನ ಹೀಗೂ ಉಸಿರು ಕಟ್ಟಿಸುತ್ತದೆ ಎಂಬುದು ನಮ್ಮ ಕೂಡುಕುಟುಂಬದ ಸೊಸೆಯಂದಿರಿಗೆ ಚೆನ್ನಾಗಿ ಗೊತ್ತು.

ಅದೇ ಕಂಪನಿ ಆಫ್ರಿಕದ ಗೋಲ್ಡ್‌ಕೋಸ್ಟಿನಲ್ಲೂ, ಅಂದರೆ ಇಂದಿನ ಘಾನಾದಲ್ಲೂ, ವ್ಯಾಪಾರ ಮಾಡುತ್ತಿತ್ತು. ಅಲ್ಲಿ ಕೋಕೋ ಬೆಳೆಯನ್ನು ಹಬ್ಬಿಸಿದನೆಂದು ಹೆಸರಾದ ಟೆಟ್ಟೆ ಕ್ವಾರ್ಷಿ ಬಾಸೆಲ್ ಮಿಶನ್ನಿನ ಕಾರ್ಯಾಗಾರದಲ್ಲಿ ಕಮ್ಮಾರಿಕೆ ಕಲಿತವನು. ಕೋಕೋ ರಫ್ತು ಏರಿದಂತೆ ವ್ಯಾಪಾರ ಕಂಪನಿ ಕೊಬ್ಬಿತು. ಧರ್ಮಕ್ಕೆ ಊರುಗೋಲಾಗಿ ಹುಟ್ಟಿದ್ದು ತನ್ನ ಕಾಲ ಮೇಲೆ ಓಡತೊಡಗಿತು. ಮಹಾಯುದ್ಧದ ಒತ್ತಡದಲ್ಲಿ ಮಿಶನ್ನೂ ಕಂಪನಿಯೂ ಬೇರೆಬೇರೆಯಾದವು. ಕಂಪನಿ ಮುಂದೆ ಅಪ್ಪಟ ವ್ಯಾಪಾರಿ ಸಂಸ್ಥೆಯಾಗಿಯೇ ಬಾಳಿತು. ಹಣಕ್ಕೆ ಹಾಕಿದ ಗೆರೆಗೆ ಕಾವಲುಗಾರ ಇರಬೇಕು, ಕಾವಲುಗಾರನೂ ಹಣದ ಆದಾಯದಿಂದಲೇ ಬದುಕುವವನಾದರೆ ಗೆರೆ ಎಷ್ಟು ದಿನ ನಿಂತೀತು?

1914ರಲ್ಲಿ ಯುದ್ಧ ಬಂತು. ಜರ್ಮನ್ ಪಾದ್ರಿಗಳು, ಎಂಜಿನಿಯರುಗಳು ಶತ್ರುದೇಶದ ಪ್ರಜೆಗಳಾದರು. ಹಲವರನ್ನು ಅಹ್ಮದ್‌ನಗರದ ಶಿಬಿರಕ್ಕೆ ಒಯ್ದರು, ಆಮೇಲೆ ಊರಿಗೆ ಕಳಿಸಿದರು. ಕಾರ್ಖಾನೆಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು, ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿತು. ಲಾಭಾಂಶಕ್ಕೆ ಮಿತಿ ಇಡುವ ಮಾತು ಅಲ್ಲೂ ಇತ್ತು. ಜೆಪ್ಪುವಿನ ಕೆಲಸಗಾರರಿಗೆ ಮಾಲೀಕರು ಬದಲಾದದ್ದು ತಿಳಿದದ್ದು ಬೆಳಿಗ್ಗೆಯ ಪ್ರಾರ್ಥನೆಯಲ್ಲೋ ಸಂಬಳದ ದಿನವೋ, ಯಾರೂ ಬರೆದಿಡಲಿಲ್ಲ.

ಕೂಲಿಯ ಬಗ್ಗೆ ಚರ್ಚು ಕೊನೆಗೂ ಗಟ್ಟಿಯಾಗಿ ಮಾತಾಡಿದ್ದು 1891ರಲ್ಲಿ, ಅದೂ ಪ್ರೊಟೆಸ್ಟಂಟರ ಕಡೆಯಿಂದಲ್ಲ. ಪೋಪ್ ಹದಿಮೂರನೆಯ ಲಿಯೋ ಹೊರಡಿಸಿದ ‘ರೇರುಮ್ ನೊವಾರುಮ್’ ಎಂಬ ಸುತ್ತೋಲೆ ಖಾಸಗಿ ಆಸ್ತಿಯನ್ನು ಎತ್ತಿಹಿಡಿಯಿತು, ಸಮಾಜವಾದವನ್ನು ತಳ್ಳಿಹಾಕಿತು. ಜೊತೆಗೇ, ಇಬ್ಬರೂ ಒಪ್ಪಿದರು ಎಂಬ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಮಿತವಾಗಿ ಬದುಕುವ ದುಡಿಮೆಗಾರನ ಜೀವನಕ್ಕೆ ಅದು ಸಾಲಬೇಕು ಎಂದಿತು. ಕಾರ್ಮಿಕರು ಸಂಘ ಕಟ್ಟಿಕೊಳ್ಳುವ ಹಕ್ಕನ್ನು ಮಾನ್ಯ ಮಾಡಿತು. ಯೂರೋಪಿನಲ್ಲಿ ಮುಷ್ಕರಗಳು ಹೆಚ್ಚಿ, ದುಡಿಯುವ ಜನ ಚರ್ಚು ಬಿಟ್ಟು ಹೊರಟ ಮೇಲೆ ಬಂದ ಮಾತು ಇದು. ತಡವಾಯಿತು, ಬಂದದ್ದು ಒಳ್ಳೆಯದಾಯಿತು. ಮಂಗಳೂರಿನ ಕಥೋಲಿಕರು 1912ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಿ ಸಾಲದ ಪ್ರಶ್ನೆಗೆ ಒಂದು ದಾರಿ ಹುಡುಕಿಕೊಂಡರು. ಕೂಲಿಯ ಪ್ರಶ್ನೆ ಬಗೆಹರಿಯತೊಡಗಿದ್ದು ಬೇರೆ ದಾರಿಯಲ್ಲಿ. 1930–40ರ ದಶಕಗಳಲ್ಲಿ ಕಲ್ಲಿಕೋಟೆ, ಫರೋಕ್, ಮಂಗಳೂರುಗಳ ಹಂಚಿನ, ನೇಯ್ಗೆಯ ಕಾರ್ಖಾನೆಗಳಲ್ಲಿ ಕೆಂಬಾವುಟದ ಸಂಘಗಳು ಎದ್ದವು. ಭಾನುವಾರ ಚರ್ಚಿಗೆ ಹೋಗುತ್ತಿದ್ದ ಕೆಲಸಗಾರರೂ ಆ ಸಂಘಗಳಲ್ಲಿ ಇದ್ದರು. ಅವರಿಗೆ ಎರಡರ ನಡುವೆ ವಿರೋಧ ಕಂಡಿರಲಾರದು. ದ್ರಾಕ್ಷಿತೋಟಕ್ಕೆ ಹೊತ್ತು ಮುಳುಗುವಾಗ ಬಂದವನಿಗೂ ಪೂರ್ತಿ ದಿನದ ಕೂಲಿ ಕೊಟ್ಟ ಯಜಮಾನನ ಸಾಮತಿಯನ್ನು ಅವರು ಚಿಕ್ಕಂದಿನಿಂದ ಕೇಳಿದ್ದರು. ಬಾಸೆಲಿನ ನಿಯಮಾವಳಿ ಬರೆದವರೂ ಕೇಳಿದ್ದರು.

ಹಾಗಾದರೆ ಕ್ರೈಸ್ತಧರ್ಮ ಬಂಡವಾಳವನ್ನು ಹೆತ್ತಿತೋ ತಡೆಯಿತೋ? ಟಾನಿ ಎಂಬ ಇಂಗ್ಲಿಷ್ ಇತಿಹಾಸಕಾರ 1926ರಲ್ಲೇ ವೆಬರನ ವಾದವನ್ನು ತಿದ್ದಿ, ಧರ್ಮ ವ್ಯಾಪಾರವನ್ನು ಬದಲಿಸಿದಷ್ಟೇ ವ್ಯಾಪಾರ ಧರ್ಮವನ್ನು ಬದಲಿಸಿತು ಎಂಬ ನಿಲುವಿಗೆ ಬಂದಿದ್ದ. ಅದನ್ನು ಒಪ್ಪಿ ನಾನು ಇಷ್ಟು ಸೇರಿಸುತ್ತೇನೆ: ಕ್ರೈಸ್ತ ಸಂಸ್ಥೆಗಳು ಲಾಭ ಪಡೆಯುವವನ ಮನಸ್ಸಾಕ್ಷಿಯನ್ನು ಬಹಳ ಶ್ರದ್ಧೆಯಿಂದ ಕಾಯ್ದವು, ದುಡಿಯುವವನ ಪಾಲನ್ನು ಅದೇ ಶ್ರದ್ಧೆಯಿಂದ ಕಾಯಲಿಲ್ಲ. ಈ ಮಾತು ಕ್ರೈಸ್ತರಿಗೆ ಮಾತ್ರ ಅಲ್ಲ. ಆಸ್ಪತ್ರೆ, ಕಾಲೇಜು, ಬ್ಯಾಂಕು ನಡೆಸುವ ನಮ್ಮ ಮಠ, ದೇವಸ್ಥಾನ, ವಕ್ಫ್ ಸಂಸ್ಥೆಗಳ ವಾರ್ಷಿಕ ವರದಿ ಕೈಗೆ ಸಿಕ್ಕಾಗ ದಾನಿಗಳ ಪಟ್ಟಿ ಎಷ್ಟು ಪುಟ, ನೌಕರರ ಸಂಬಳಕ್ಕೆ ಎಷ್ಟು ಸಾಲು ಎಂದು ಒಮ್ಮೆ ನೋಡಿ.

ಕೊನೆಯದಾಗಿ ಒಂದು ವಿನಂತಿ. ಕಾಂಕ್ರೀಟು ತಾರಸಿ ಬಂದ ಮೇಲೆ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಬಾಸೆಲಿನ ಪತ್ರಾಗಾರದಲ್ಲಿ ಮಿಶನ್ನಿನ ವರದಿಗಳು, ಛಾಯಾಚಿತ್ರಗಳು ಭದ್ರವಾಗಿವೆ. ಅಲ್ಲಿ ಸಾಲುಗಟ್ಟಿ ನಿಂತ ಕೆಲಸಗಾರರ ಮುಖಗಳಿವೆ, ಹೆಚ್ಚಿನವಕ್ಕೆ ಹೆಸರಿಲ್ಲ. ಹಂಚು ಹೊತ್ತವರ, ಅಚ್ಚು ಒತ್ತಿದವರ, ಮಗ್ಗ ನಡೆಸಿದವರ ಮಕ್ಕಳು ಮೊಮ್ಮಕ್ಕಳು ಈ ಜಿಲ್ಲೆಗಳಲ್ಲಿ ಸಾವಿರಾರು ಜನ ಇದ್ದಾರೆ. ತಮ್ಮ ಮನೆಯಲ್ಲಿ ಹಳೆಯ ಸಂಬಳದ ಚೀಟಿ, ಪ್ರಾವಿಡೆಂಟ್ ಫಂಡಿನ ಪುಸ್ತಕ, ಸಂಘದ ರಸೀದಿ ಏನಾದರೂ ಇದ್ದರೆ ರದ್ದಿಗೆ ಹಾಕಬೇಡಿ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಮಿಶನ್ನಿನ ಹಳೆಯ ಕಾಗದಪತ್ರಗಳ ಸಂಗ್ರಹ ಇದೆ, ಅಲ್ಲಿ ತೋರಿಸಿ. ವಿದ್ಯಾರ್ಥಿಗಳಲ್ಲಿ ಯಾರಾದರೂ ಈ ವಿಷಯದ ಮೇಲೆ ಸಂಶೋಧನೆ ಮಾಡುವುದಿದ್ದರೆ ವೆಬರನಿಂದ ಆರಂಭಿಸಬೇಡಿ. ಜೆಪ್ಪುವಿನಲ್ಲಿ ಹಂಚು ಹೊತ್ತ ಅಜ್ಜಿಯೊಬ್ಬರು ಬದುಕಿದ್ದರೆ ಮೊದಲು ಅವರ ಹತ್ತಿರ ಕೂತು, ವಾರಕ್ಕೆ ಎಷ್ಟು ಸಿಗುತ್ತಿತ್ತು ಎಂದು ಕೇಳಿ ಬರೆದುಕೊಳ್ಳಿ.